ಲೋಕಾಪುರದ ಕ್ರ್ಯಾಂಕು, ಹೋಳಿಗೆಯ ಕಣಕ

ಬನಹಟ್ಟಿಯಲ್ಲಿ ನಮ್ಮಪ್ಪ ಕ್ರ್ಯಾಂಕ್ ಡಾಕ್ಟರ್. ಈ ಬಿರುದು ಕೊಟ್ಟವಳು ನಾನೇ. ಅಂಗಡಿಯ ಬೋರ್ಡಿನ ಮೇಲೆ ಬರೀ ಲೇಥ್ ವರ್ಕ್ಸ್ ಅಂತ ಇದೆ, ಅದರಲ್ಲೂ ಅರ್ಧ ಅಕ್ಷರ ಬಿಸಿಲು ತಿಂದಿದೆ. ವರ್ಷವಿಡೀ ಅವನ ಬಳಿ ಬರುವುದು ಪವರ್‌ಲೂಮಿನ ಕ್ರ್ಯಾಂಕುಗಳು. ನನ್ನ ಮುಂಗೈಯಷ್ಟು ದಪ್ಪದ, ಎರಡು ಕಡೆ ಡೊಂಕಾದ ಸರಳುಗಳು ಅವು. ಸವೆದರೆ ಬೆಸುಗೆ ತುಂಬಿ ಕೆತ್ತಬೇಕು, ಬಾಗಿದರೆ ಬಡಿದು ನೆಟ್ಟಗೆ ಮಾಡಬೇಕು. ಅಷ್ಟೇ. ಇದನ್ನೇ ಕಾಲೇಜಿನಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಅದಕ್ಕೆ ನಾನು ಅಪ್ಪ ವಿಮಾನದ ಎಂಜಿನ್ನೂ ಬಿಚ್ಚಿದ್ದಾನೆ ಅಂತ ಸ್ವಲ್ಪ ಎಳೆದು ಹೇಳಿದ್ದೆ. ಹೋದ ವರ್ಷ, ನಾನು ಪಿಯು ಮೊದಲನೇ ವರ್ಷದಲ್ಲಿದ್ದಾಗ, ಹಿಪ್ಪರಗಿಯ ಒಬ್ಬ ರೈತ ಅಜ್ಜನ ಕೆಟ್ಟು ನಿಂತ ಚೈನ್ ಟ್ರ್ಯಾಕ್ಟರ್ ಲಾರಿಯ ಮೇಲೆ ಕೂತು ನಮ್ಮ ಅಂಗಡಿಗೆ ಬಂದಿಳಿಯಿತು. ವಿಮಾನ ಅಲ್ಲದಿದ್ದರೂ ತೂಕದಲ್ಲಿ ಅದಕ್ಕೇನೂ ಕಡಿಮೆ ಇರಲಿಲ್ಲ.

ಚೈನ್ ಟ್ರ್ಯಾಕ್ಟರ್ ಅಂದರೆ ಗಾಲಿ ಇಲ್ಲದ ಟ್ರ್ಯಾಕ್ಟರ್. ಎರಡೂ ಬದಿ ಕಬ್ಬಿಣದ ಪಟ್ಟಿಗಳ ಸರಪಳಿ, ಅದರ ಮೇಲೆ ಆಮೆಯ ಹಾಗೆ ತೆವಳುತ್ತದೆ. ಹೊಳೆದಂಡೆಯ ಎರೆ ಹೊಲದಲ್ಲಿ ಹಸಿ ಇರುವಾಗ ಗಾಲಿಯ ಗಾಡಿಗಳು ಹೊಟ್ಟೆಯವರೆಗೆ ಹೂತುಕೊಂಡು ನಿಂತುಬಿಡುತ್ತವೆ. ಇದು ಮಾತ್ರ ಆಳದ ನೇಗಿಲು ಹೂಡಿಕೊಂಡು, ಹಳೆಯ ಕಬ್ಬಿನ ಬೇರು ಕಿತ್ತುಕೊಂಡು, ಯಾರ ಕಡೆಗೂ ನೋಡದೆ ಹೋಗುತ್ತಿತ್ತು. ಅಜ್ಜನಿಗೆ ಎಪ್ಪತ್ತು ದಾಟಿದೆ, ಗಾಡಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ಬೆಳಿಗ್ಗೆ ಚಾಲೂ ಆಗಲು ಇಬ್ಬರೂ ಒಂದೇ ನಮೂನೆ ತ್ರಾಸು ಕೊಡುತ್ತಾರೆ ಅಂತ ಅವನ ಸೊಸೆ ಹೇಳುತ್ತಿದ್ದಳಂತೆ.

ಎಂಜಿನ್ ಬಿಚ್ಚಿ ಕ್ರ್ಯಾಂಕನ್ನು ಹೊರಗೆ ತೆಗೆದು ಹಗ್ಗಕ್ಕೆ ತೂಗುಹಾಕಿ ಅಪ್ಪ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಹಾಕಿದ. ಆರೋಗ್ಯವಾಗಿದ್ದರೆ ಅದು ಗುಡಿಯ ಗಂಟೆಯ ಹಾಗೆ ಒಂದಿಷ್ಟು ಹೊತ್ತು ಹಾಡಬೇಕು. ಇದು ದೊಪ್ ಅಂದು ಸುಮ್ಮನಾಯಿತು. ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದ. ಬಿಳಿಯ ಮೇಲೆ ಒಂದು ಕರಿ ಗೆರೆ ತಾನಾಗಿ ಮೂಡಿತು, ಕೂದಲೆಳೆಯಷ್ಟು. ಬಿರುಕಿನೊಳಗೆ ಉಳಿದ ಎಣ್ಣೆ ಸುಣ್ಣಕ್ಕೆ ಹೀಗೆ ಚಾಡಿ ಹೇಳುತ್ತದೆ.

"ಕ್ರ್ಯಾಂಕ್ ಮುಗಿದೈತ್ರಿ ಕಾಕಾ," ಅಂದ ಅಪ್ಪ. "ಈ ನಮೂನಿ ಕ್ರ್ಯಾಂಕ್ ಈಗ ಎಲ್ಲೂ ಸಿಗೂದಿಲ್ಲ. ಬ್ಲಾಕ್ ಮಾತ್ರ ಛಲೋ ಐತಿ."

ಬ್ಲಾಕ್ ಅಂದರೆ ಎಂಜಿನ್ನಿನ ಮೈ. ಉಳಿದದ್ದೆಲ್ಲ ಅದರೊಳಗೆ ಕೂರಬೇಕು. ಎರಕದ ಕಬ್ಬಿಣ, ಗಟ್ಟಿ, ಆದರೆ ಒಳಗಿನಿಂದ ಏಟು ಬಿದ್ದರೆ ಗಡಿಗೆಯ ಹಾಗೆ ಸೀಳುತ್ತದೆ, ಬೆಸುಗೆಗೂ ಬಗ್ಗುವುದಿಲ್ಲ. ಅಂಥದೇ ಇನ್ನೊಂದು ಬ್ಲಾಕ್ ಈ ಸೀಮೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಅದು ಒಡೆದರೆ ಗಾಡಿ ಗುಜರಿಗೆ.

ಅಜ್ಜ ಸುಣ್ಣದ ಮೇಲಿನ ಗೆರೆಯನ್ನು ಬಗ್ಗಿ ನೋಡಿದ. "ಮುಧೋಳದ ಮಿಸ್ತ್ರಿನೂ ಇದ ಹೇಳಿದ. ಬ್ಯಾರೆ ಎಂಜಿನ್ನಿಂದು ಕೂಡಸಾಕ ಬರೂದಿಲ್ಲಂತ. ಹಂಗ ಮಾಡಿದ್ರ ಬ್ಲಾಕ್ ಒಡಿತೈತಂತ."

ಅಪ್ಪನಿಗೆ ಆ ಮಿಸ್ತ್ರಿಯ ಹೆಸರು ಹೇಳಿದರೆ ಸಾಕು, ಕಿವಿ ಕೆಂಪಾಗುತ್ತದೆ. ಇಬ್ಬರೂ ಒಂದೇ ಗುರುವಿನ ಕೈಯಲ್ಲಿ ಕೆಲಸ ಕಲಿತವರು, ಒಂದೇ ದಿನ ಜಗಳಾಡಿ ಬಿಟ್ಟವರು. "ಕೂಡಸಾಕ ಬರತೈತ್ರಿ," ಅಂದ. "ಸ್ವಲ್ಪ ಕೆತ್ತಬೇಕು, ಸ್ವಲ್ಪ ಕೊರೀಬೇಕು. ಬ್ಲಾಕಿಗೆ ನಾ ಜವಾಬ್ದಾರಿ."

ಆ ಮಾತಿನಲ್ಲಿ ಮುಂದೆ ನನಗೂ ಪಾಲಿತ್ತು. ಅವತ್ತು ಗೊತ್ತಿರಲಿಲ್ಲ, ನಾನು ಸುಣ್ಣದ ಗೆರೆಯ ಫೋಟೋ ಹೊಡೆಯುತ್ತಿದ್ದೆ.

ಬದಲಿ ಕ್ರ್ಯಾಂಕು ಸಿಕ್ಕಿದ್ದು ಲೋಕಾಪುರದ ಒಂದು ಗುಜರಿ ಅಂಗಡಿಯಲ್ಲಿ. ಹಿಂದೆ ಹೊಳೆಯಿಂದ ನೀರೆತ್ತುತ್ತಿದ್ದ ಒಂದು ಎಂಜಿನ್ನಿನ ಹೊಟ್ಟೆಯೊಳಗಿತ್ತು. ಗಾಡಿಯದಕ್ಕೆ ಅದು ದೊಡ್ಡಪ್ಪನ ಮಗ ಇದ್ದ ಹಾಗೆ: ಮುಖ ಅದೇ, ಮೈ ದಪ್ಪ. ಬೇರಿಂಗ್ ಕೂರುವ ಜಾಗಗಳು ದಪ್ಪ, ಹಿಂದಿನ ತಟ್ಟೆಯಲ್ಲಿ ಬೋಲ್ಟಿನ ತೂತು ಬೇರೆ ಕಡೆ, ಬೆನ್ನಿಗೆ ಬೋಲ್ಟ್ ಹಾಕಿ ಕೂಡಿಸಿದ ಎಂಟು ಕಬ್ಬಿಣದ ತುಂಡುಗಳೂ ದೊಡ್ಡವು. ಕ್ರ್ಯಾಂಕು ತಿರುಗುವಾಗ ಎಂಜಿನ್ ಕುಣಿಯದಂತೆ ಆ ತುಂಡುಗಳು ತೂಕ ಹಿಡಿಯುತ್ತವೆ. ಅಂಗಡಿಯಲ್ಲಿ ಅವಕ್ಕೆ ವೇಟು ಅನ್ನುತ್ತಾರೆ.

ಸುತ್ತಿಗೆಯ ಏಟಿಗೆ ಅದು ಹಾಡಿತು. ಸುಣ್ಣದಲ್ಲಿ ಗೆರೆ ಮೂಡಲಿಲ್ಲ. ಅವ್ವನ ಹಳೆಯ ಕೌದಿ ಸುತ್ತಿ, ಟೆಂಪೋದಲ್ಲಿ ಮಲಗಿಸಿ ಜಮಖಂಡಿಗೆ ಒಯ್ದೆವು, ಗ್ರೈಂಡಿಂಗ್ ಮಾಡಿಸಲು. ಕೌದಿಯೊಳಗೆ ಹೆಣದ ಹಾಗೆ ಮಲಗಿದ್ದ ಅದನ್ನು ನೋಡಿ ದಾರಿಯಲ್ಲಿ ಒಬ್ಬಳು ಮುದುಕಿ ಕೈ ಮುಗಿದಳು. ನಾನೂ ಮುಖ ಸಣ್ಣ ಮಾಡಿಕೊಂಡು, "ನಮ್ಮ ಕಾಕಾರಿ, ಭಾಳ ತಿರಗತಿದ್ರು," ಅಂದೆ. ಅಪ್ಪ ಮುಂದಿನ ಸೀಟಿನಿಂದ ಕೈ ಹಿಂದೆ ಚಾಚಿ ನನ್ನ ತಲೆಯನ್ನು ಹುಡುಕಿದ, ಸಿಗಲಿಲ್ಲ.

ಜಮಖಂಡಿಯಲ್ಲಿ ಬೇರಿಂಗಿನ ಜಾಗಗಳನ್ನು ಹಳೆಯ ಅಳತೆಗೆ ಇಳಿಸಿಕೊಟ್ಟರು. ಅಪ್ಪ ಹಿಂದಿನ ತಟ್ಟೆಗೆ ಹೊಸ ತೂತು ಕೊರೆದ. ಎಂಟೂ ವೇಟುಗಳನ್ನು ಬಿಚ್ಚಿ ಲೇಥಿನ ಮೇಲೆ ಸಮನಾಗಿ ಕೆತ್ತಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ತೂಗಿ ಜೋಡಿ ಮಾಡಿದ. ಕ್ರ್ಯಾಂಕು ಬ್ಲಾಕಿನೊಳಗೆ ಕೂತಿತು. ಎಂಜಿನ್ ಗಾಡಿಯ ಮೇಲೆ ಹತ್ತಿತು. ಉಳಿದದ್ದು ಒಂದೇ ಕೆಲಸ. ಆ ಕೆಲಸ ನನ್ನದು.

ವೇಟುಗಳು ತಿರುಗುವಾಗ ಬ್ಲಾಕಿನ ಒಳಗೋಡೆಗೆ ಎಲ್ಲಿಯೂ ತಾಗಬಾರದು. ತಾಗಲಾರದಷ್ಟು ಸಂದು ಇದೆಯೋ ಇಲ್ಲವೋ ಅಂತ ನೋಡಲು ಕಣ್ಣು ಒಳಗೆ ಹೋಗುವುದಿಲ್ಲ, ಕೈ ಹೋಗುತ್ತದೆ. ಅಪ್ಪನ ಕೈ ದೊಡ್ಡದು, ನನ್ನದು ಸಣ್ಣದು. ಸಂಪು, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿ ತೆಗೆದಿಟ್ಟು, ಗಾಡಿಯ ಕೆಳಗೆ ಅಂಗಾತ ಮಲಗಿ, ಗೋಡೆಯ ಉಬ್ಬುಗಳ ಮೇಲೆ ಹಿಟ್ಟಿನ ಉಂಡೆ ಮೆತ್ತಬೇಕು. ಮೇಲೆ ಅಪ್ಪ ಉದ್ದನೆಯ ರಾಡ್ ಹಾಕಿ ಕ್ರ್ಯಾಂಕನ್ನು ಒಂದು ಸುತ್ತು ತಿರುಗಿಸುತ್ತಾನೆ. ವೇಟು ಉಂಡೆಯನ್ನು ಅಮುಕಿಕೊಂಡು ಹೋಗುತ್ತದೆ. ಉಳಿದ ಹಿಟ್ಟಿನ ದಪ್ಪ ಎಷ್ಟೋ ಸಂದು ಅಷ್ಟು. ಹಳೆಯ ದಪ್ಪ ಐದು ರೂಪಾಯಿ ನಾಣ್ಯ ಇದೆಯಲ್ಲ, ಅದಕ್ಕಿಂತ ದಪ್ಪ ಇದ್ದರೆ ಪಾಸು. ಇದು ಅಪ್ಪನ ಗುರುವಿನ ಪದ್ಧತಿ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಹೇಳಿದ, "ಮನಿಗೆ ಹೋಗಿ ಜ್ವಾಳದ ಹಿಟ್ಟ ನಾದಿಸಿಕೊಂಡು ಬಾ. ಕುದಿಯೋ ನೀರ ಹಾಕಿ ನಾದಿದ್ದು."

ಮನೆ ಅಂಗಡಿಯ ಹಿಂದೆಯೇ. ಅಡುಗೆಮನೆಯಲ್ಲಿ ಅವ್ವ ಹೋಳಿಗೆಯ ತಯಾರಿಯಲ್ಲಿದ್ದಳು. ದೊಡ್ಡ ಎಂಜಿನ್ ಚಾಲೂ ಆದ ದಿನ ಕ್ರ್ಯಾಂಕ್ ಎತ್ತಲು ಕೈ ಹಚ್ಚಿದವರಿಗೆಲ್ಲ ನಮ್ಮ ಮನೆಯಲ್ಲಿ ಹೋಳಿಗೆ ಊಟ. ಚಾಲೂ ಆಗುವವರೆಗೆ ಯಾರಿಗೂ ಒಂದು ಚೂರೂ ಇಲ್ಲ. ಎರಡೂ ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

"ಜ್ವಾಳದ ಹಿಟ್ಟ ಬೇಕಂತ," ಅಂದೆ.

"ಡಬ್ಬ್ಯಾಗೈತಿ. ನೀರ ಕಾಯಿಸಿಕೊಂಡು ನೀನ ನಾದ್ಕೊ. ಒಲಿ ಖಾಲಿ ಆದಮ್ಯಾಲೆ."

ಒಲೆ ಖಾಲಿ ಆಗುವ ಲಕ್ಷಣ ಇರಲಿಲ್ಲ. ಕಟ್ಟೆಯ ಮೇಲೆ ಒಂದು ಬೋಗುಣಿ, ಮೇಲೆ ಒದ್ದೆ ಅರಿವೆ. ಎತ್ತಿ ನೋಡಿದೆ. ಹೋಳಿಗೆಯ ಕಣಕ. ಅರಿಷಿಣ ಹಾಕಿ, ಎಣ್ಣೆ ಸುರಿದು, ಗುದ್ದಿ ಗುದ್ದಿ ನಾದಿ ನೆನೆಯಲು ಇಟ್ಟದ್ದು. ಮಗುವಿನ ಕೆನ್ನೆಯ ಹಾಗೆ ಮೆತ್ತಗಿತ್ತು. ಹಿಟ್ಟಿಗೆ ಹಿಟ್ಟು, ಇದರಲ್ಲೇನು ಅನ್ನಿಸಿತು. ಅಪ್ಪ ಜೋಳ ಅಂದದ್ದು ಅದು ಅಗ್ಗ ಅಂತ ಇರಬೇಕು. ಇನ್ನೂ ಒಂದು ಕಾರಣ ಇತ್ತು, ಮುಚ್ಚಿಟ್ಟು ಏನು ಪ್ರಯೋಜನ: ಕರಿ ಕಬ್ಬಿಣದ ಮೇಲೆ ಹಳದಿ ಉಂಡೆ ನಾನು ಫೋನಿನಲ್ಲಿ ಹಾಕುವ ವಿಡಿಯೋದಲ್ಲಿ ಬಹಳ ಚಂದ ಕಾಣುತ್ತದೆ. ಅವ್ವ ಆ ಕಡೆ ತಿರುಗಿದಾಗ ಒಂದು ಮುಷ್ಟಿ ಎತ್ತಿ ದುಪಟ್ಟಾದಲ್ಲಿ ಸುತ್ತಿಕೊಂಡು ಬಂದೆ.

ಗಾಡಿಯ ಕೆಳಗೆ ಗೋಣಿತಾಟು ಹಾಸಿ ಮಲಗಿದೆ. ಎಂಟು ಉಂಡೆ ಮೆತ್ತಿದೆ. ಅಪ್ಪ ಮೇಲೆ ರಾಡ್ ಎಳೆದ. ಕ್ರ್ಯಾಂಕು ಒಂದು ಸುತ್ತು ಬಂತು. ಒಂದೊಂದೇ ಉಂಡೆಯನ್ನು ಬ್ಲೇಡಿನಿಂದ ಕೊಯ್ದು ನಾಣ್ಯದ ಪಕ್ಕ ಹಿಡಿದೆ.

"ಒಂದನೇದು?" ಅಪ್ಪ ಮೇಲಿನಿಂದ ಕೇಳಿದ.

"ಪಾಸ್."

"ಎರಡು?"

"ಫಸ್ಟ್ ಕ್ಲಾಸ್."

"ನೆಟ್ಟಗ ಹೇಳಬೇ. ನಾಣ್ಯಕಿಂತ ದಪ್ಪ ಐತೋ ಇಲ್ಲೋ?"

"ಐತಿ. ಎಂಟೂ ದಪ್ಪ ಅದಾವು. ನಿನ್ನ ಮಿಸ್ತ್ರಿಗಿಂತ ದಪ್ಪ."

ಅಪ್ಪ ನಕ್ಕದ್ದು ಕೇಳಿಸಿತು. ಅವನು ನಗುವುದು ವರ್ಷಕ್ಕೆ ನಾಲ್ಕು ಸಲ, ಅದರಲ್ಲೊಂದನ್ನು ನಾನು ಹೀಗೆ ಖರ್ಚು ಮಾಡಿಸಿದೆ. ಹನ್ನೆರಡರ ಹೊತ್ತಿಗೆ ಸಂಪು ಮೇಲೆ ಹೋಯಿತು. ಸುತ್ತಲೂ ಇಪ್ಪತ್ತೆಂಟು ಬೋಲ್ಟು, ಎಲ್ಲವನ್ನೂ ನಾನೇ ಬಿಗಿದೆ. ಅಪ್ಪ ಮೇಲಿನಿಂದ ಎಣ್ಣೆ ಸುರಿದ. ನಾನು ಹಳದಿ ಉಂಡೆಯ ವಿಡಿಯೋ ಹಾಕಿ, ಕೆಳಗೆ ‘ಇಂದು ಮೂರು ಗಂಟೆಗೆ ಚಾಲೂ’ ಅಂತ ಬರೆದೆ. ಕ್ಲಾಸಿನ ಅರ್ಧ ಮಂದಿ ಬೆಂಕಿಯ ಚಿತ್ರ ಕಳಿಸಿದರು.

ಒಂದು ಗಂಟೆಗೆ ಹೂರಣ ಕದಿಯಲು ಅಡುಗೆಮನೆಗೆ ಹೋದೆ. ಅವ್ವ ಕೈ ಹಿಡಿದು ಕೂಡಿಸಿದಳು. "ಬರೇ ತಿನ್ನಾಕ ಬರತಿ. ಕಣಕದ ಉಂಡಿ ಮಾಡಿಕೊಡು." ಒಂದು ಉಂಡೆ ಮಾಡಿ, ಹೂರಣ ಇಡಲೆಂದು ಹೆಬ್ಬೆರಳಿನಿಂದ ನಡುವೆ ಒತ್ತಿದೆ. ಒಂದು ಗುಂಡಿ ಬಿತ್ತು. ಹೂರಣ ತೆಗೆದುಕೊಳ್ಳಲು ತಿರುಗಿದೆ. ಮತ್ತೆ ಈ ಕಡೆ ನೋಡುವುದರಲ್ಲಿ ಗುಂಡಿ ಅರ್ಧ ತುಂಬಿತ್ತು.

ಇನ್ನೊಮ್ಮೆ ಒತ್ತಿದೆ. ಬೆರಳು ತೆಗೆದೆ. ಕಣಕ ಮೆಲ್ಲಗೆ, ಉಸಿರು ತೆಗೆದುಕೊಳ್ಳುವ ಹಾಗೆ, ಮೇಲೆ ಬಂತು.

"ಅವ್ವಾ, ಜ್ವಾಳದ ಹಿಟ್ಟೂ ಹಿಂಗ ಮ್ಯಾಲೆ ಬರತೈತೇನು?"

"ಜ್ವಾಳದ್ದು ಎಲ್ಲಿ ಬರತೈತಿ. ಅದು ಒತ್ತಿದಂಗ ಇರತೈತಿ, ಭಾಳ ಒತ್ತಿದ್ರ ಸೀಳತೈತಿ. ಕಣಕ ಮೊಂಡ. ಎಷ್ಟ ಒತ್ತಿದ್ರೂ ತನ್ನದು ತಾ ನಡಸತೈತಿ." ಅವಳು ನನ್ನ ಮುಖ ನೋಡಿದಳು. "ಯಾಕಬೇ, ಮುಖ ಯಾಕ ಹಂಗಾತು?"

ಉಂಡೆಯನ್ನು ಬೋಗುಣಿಗೆ ಹಾಕಿ ಎದ್ದೆ. ಬೆಳಿಗ್ಗೆ ನಾನು ಅಳೆದದ್ದು ಸಂದು ಅಲ್ಲ. ವೇಟು ಅಮುಕಿ ಹೋದ ಮೇಲೆ ಉಬ್ಬಿ ಎದ್ದ ಕಣಕ. ನಿಜವಾದ ಸಂದು ಅದರ ಅರ್ಧ ಇರಬಹುದು. ಏನೂ ಇಲ್ಲದಿರಬಹುದು. ಕೈಯಿಂದ ತಿರುಗಿಸಿದಾಗ ತಾಗದಿದ್ದರೂ, ಎಂಜಿನ್ ಕಾಯ್ದು ಕಬ್ಬಿಣ ಹಿಗ್ಗಿ ಕ್ರ್ಯಾಂಕು ಭರ್ರನೆ ತಿರುಗುವಾಗ ತಾಗುತ್ತದೆ. ತಾಗಿದರೆ ಬ್ಲಾಕ್ ಸೀಳುತ್ತದೆ. ಬ್ಲಾಕಿಗೆ ನಾ ಜವಾಬ್ದಾರಿ ಅಂದವನು ಅಪ್ಪ.

ಗಡಿಯಾರದಲ್ಲಿ ಒಂದೂಕಾಲು. ಹೋಗಿ ಹೇಳಿಬಿಡಬಹುದಿತ್ತು. ಎರಡು ಸಲ ಅಂಗಡಿಯ ಬಾಗಿಲವರೆಗೆ ಹೋದೆ. ಮೊದಲ ಸಲ ಅಜ್ಜ ಅಲ್ಲಿ ಕೂತು ಗಾಡಿಯ ಚೈನಿಗೆ ಎಣ್ಣೆ ಹಚ್ಚುತ್ತಿದ್ದ, ಹೊಸ ಧೋತರ ಉಟ್ಟುಕೊಂಡು. ಎರಡನೇ ಸಲ ಮುಧೋಳದ ಮಿಸ್ತ್ರಿಯೇ ಬೈಕಿನಿಂದ ಇಳಿಯುತ್ತಿದ್ದ. ಅವನನ್ನು ಯಾರು ಕರೆದರೋ. ಆಮೇಲೆ ನೆನಪಾಯಿತು, ನನ್ನ ವಿಡಿಯೋ ಅವನ ಮಗಳೂ ನೋಡುತ್ತಾಳೆ.

ಅವನ ಎದುರಿಗೆ ಹೇಗೆ ಹೇಳುವುದು. ನಾನು ನನ್ನ ತಲೆಯನ್ನು ಬಳಸಿದೆ. ಆ ತಲೆಯಿಂದಲೇ ಇಷ್ಟೆಲ್ಲ ಆದದ್ದು ಅನ್ನುವುದನ್ನು ಆ ಹೊತ್ತಿನಲ್ಲಿ ಮರೆತೆ.

ಈ ಗಾಡಿಯ ದೊಡ್ಡ ಎಂಜಿನ್ ತಾನಾಗಿ ಚಾಲೂ ಆಗುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಪೆಟ್ರೋಲ್ ಎಂಜಿನ್ ಇದೆ. ಅದರ ಚಕ್ರಕ್ಕೆ ಹಗ್ಗ ಸುತ್ತಿ ಎಳೆದು ಅದನ್ನು ಎಬ್ಬಿಸಬೇಕು, ಅದು ದೊಡ್ಡದನ್ನು ಎಬ್ಬಿಸುತ್ತದೆ. ಹಗ್ಗವೇ ಇಲ್ಲದಿದ್ದರೆ? ಮೊಳೆಗೆ ತೂಗುಹಾಕಿದ್ದ ಹಗ್ಗವನ್ನು ದುಪಟ್ಟಾದೊಳಗೆ ಎಳೆದುಕೊಂಡು ಮನೆಗೆ ಓಡಿ, ಜೋಳದ ಹಿಟ್ಟಿನ ಡಬ್ಬಿಯೊಳಗೆ ಹುಗಿದು ಮುಚ್ಚಳ ಹಾಕಿದೆ. ಸಂಜೆಯವರೆಗೆ ಹುಡುಕಲಿ. ಅಷ್ಟರಲ್ಲಿ ಮಿಸ್ತ್ರಿ ಮುಧೋಳಕ್ಕೆ ಹೋಗುತ್ತಾನೆ. ಆಗ ಅಪ್ಪನಿಗೆ ಒಬ್ಬನಿಗೇ ಹೇಳುತ್ತೇನೆ.

ಮೂರಕ್ಕೆ ಅಂಗಡಿಯ ಮುಂದೆ ಮಂದಿ ಸೇರಿದರು. ಎದುರಿನ ಮಗ್ಗದ ಶೆಡ್ಡಿನವರು ಮಗ್ಗ ನಿಲ್ಲಿಸಿ ಬಂದಿದ್ದರು, ಹಾಗಾಗಿ ನಮ್ಮ ಓಣಿಯಲ್ಲಿ ಎಂದೂ ಇಲ್ಲದ ನಿಶ್ಶಬ್ದ ಇತ್ತು. ಒಬ್ಬ ಕೆಮ್ಮಿದರೆ ಎಲ್ಲರಿಗೂ ಕೇಳಿಸುತ್ತಿತ್ತು. ಅಜ್ಜ ಕಾಯಿ ಒಡೆದ. ಅಪ್ಪ ಮೊಳೆಯ ಕಡೆ ಕೈ ಹಾಕಿದ.

"ಹಗ್ಗ ಎಲ್ಲೈತಿ?"

ಹುಡುಕಿದರು. ಎಣ್ಣೆಯ ಡಬ್ಬದ ಹಿಂದೆ, ಲೇಥಿನ ಕೆಳಗೆ, ಗಾಡಿಯ ಸೀಟಿನ ಅಡಿ. ನಾನೂ ಹುಡುಕಿದೆ, ಎಲ್ಲರಿಗಿಂತ ಜೋರಾಗಿ. ಚಹಾದ ಕಿಟ್ಲಿಯ ಮುಚ್ಚಳ ಸಹ ತೆಗೆದು ನೋಡಿದೆ.

"ಹಗ್ಗಕ ಗೊತ್ತಾಗೇತಿ," ಅಂದ ಮಿಸ್ತ್ರಿ, ಬೈಕಿನ ಮೇಲೆ ಕೂತುಕೊಂಡೇ. "ಇದು ಚಾಲೂ ಆಗೂ ಪೈಕಿ ಅಲ್ಲಂತ. ಓಡಿ ಹೋಗೇತಿ."

ನಾಲ್ಕು ಜನ ನಕ್ಕರು. ಅಪ್ಪನ ಕಿವಿ ಕೆಂಪಾಯಿತು. ಮಗ್ಗದ ಶೆಡ್ಡಿನವನ ಕಡೆ ತಿರುಗಿ, "ಒಂದ ಹಳೆ ಚರ್ಮದ ಪಟ್ಟಿ ಕೊಡೋ," ಅಂದ. ಅವನು ಒಳಗೆ ಹೋಗಿ ಎರಡು ನಿಮಿಷದಲ್ಲಿ ಉದ್ದನೆಯ ಪಟ್ಟಿ ತಂದ. ಮಗ್ಗ ತಿರುಗುವುದೇ ಪಟ್ಟಿಯಿಂದ, ಬನಹಟ್ಟಿಯಲ್ಲಿ ಅದಕ್ಕೇನು ಬರ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ.

ಅಪ್ಪ ಪಟ್ಟಿಯನ್ನು ಸಣ್ಣ ಎಂಜಿನ್ನಿನ ಚಕ್ರಕ್ಕೆ ಸುತ್ತತೊಡಗಿದ. ಒಂದು ಸುತ್ತು. ಅಜ್ಜ ಸೀಟಿನ ಮೇಲೆ ಹತ್ತಿ ಕೂತ. ಎರಡು ಸುತ್ತು. ಅಜ್ಜನ ಎರಡೂ ಕೈ ಲಿವರಿನ ಮೇಲಿದ್ದವು, ಮೊಮ್ಮಗನ ತಲೆಯ ಮೇಲೆ ಇಟ್ಟ ಹಾಗೆ. ಮೂರು ಸುತ್ತು. ಅಪ್ಪ ಒಂದು ಕಾಲನ್ನು ಚೈನಿಗೆ ಊರಿ, ಪಟ್ಟಿಯ ತುದಿ ಮುಷ್ಟಿಗೆ ಸುತ್ತಿಕೊಂಡು, ಎಳೆಯಲು ಮೈ ಹಿಂದೆ ಮಾಡಿದ.

ನಾನು ಹೋಗಿ ಪಟ್ಟಿ ಹಿಡಿದೆ.

"ಎಳೀಬ್ಯಾಡಪಾ."

"ಬಿಡಬೇ. ಕೈ ಸಿಗತೈತಿ."

"ಎಳೀಬ್ಯಾಡ. ಮುಂಜಾನೆ ಹಚ್ಚಿದ್ದು ಜ್ವಾಳದ ಹಿಟ್ಟಲ್ಲ."

ಅಪ್ಪನ ಕೈ ನಿಂತಿತು. "ಮತ್ತೇನದು?"

"ಕಣಕ. ಹೋಳಿಗಿ ಕಣಕ."

ಮಂದಿಯಲ್ಲಿ ಹಲವರಿಗೆ ಏನೂ ತಿಳಿಯಲಿಲ್ಲ. ಇಬ್ಬರಿಗೆ ತಿಳಿಯಿತು. ಅಪ್ಪ ಪಟ್ಟಿಯ ಹಿಡಿತ ಸಡಿಲ ಮಾಡಿದ. ಮಿಸ್ತ್ರಿ ಬೈಕಿನಿಂದ ಇಳಿದ.

"ಕಣಕ?" ಅಂದ ಮಿಸ್ತ್ರಿ. "ಎಂಜಿನ್ನಿಗೆ ಹೋಳಿಗಿ ಮಾಡಿದ್ರೇನು? ಹೂರಣ ತುಂಬಿದ್ರೋ ಇಲ್ಲೋ?"

ಈ ಸಲ ಬಹಳ ಮಂದಿ ನಕ್ಕರು. ಈ ಮಾತನ್ನು ಬೇರೆ ಯಾರ ಮೇಲಾದರೂ ಆಡಿದ್ದರೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ನಾನು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅರ್ಧ ಹಗುರವಾಗುತ್ತಿತ್ತು. ಚಕ್ರದಿಂದ ಪಟ್ಟಿಯನ್ನು ಒಂದೊಂದೇ ಸುತ್ತು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಕಾಕಾ, ಇಳೀರಿ," ಅಂದ. "ಸಂಪ್ ಬಿಚ್ಚಬೇಕು."

ಅಜ್ಜ ಇಳಿಯಲಿಲ್ಲ. ನನ್ನನ್ನು ನೋಡಿದ. "ಅಳತಿ ಮಾಡಿದಾಕಿ ನೀನ ಏನು?"

"ಹೌದ್ರಿ ಅಜ್ಜಾ."

"ಸುಳ್ಳ ಅಳತಿ ಹೇಳಿದ್ಯಾ?"

"ಆವಾಗ ಖರೆ ಅಂತ ಹೇಳಿನ್ರಿ. ಒಂದ ಗಂಟೆಕ್ಕ ಸುಳ್ಳಂತ ಗೊತ್ತಾತು."

"ಈಗ ಮೂರ ಹೊಡದೈತಿ."

ಅಜ್ಜ ನಿಧಾನವಾಗಿ ಇಳಿದು, ಹೋಗಿ ಗೋಡೆಯ ನೆರಳಿಗೆ ಕೂತ.

ಎಣ್ಣೆಯನ್ನು ಬಕೆಟ್ಟಿಗೆ ಇಳಿಸಿದೆವು. ಇಪ್ಪತ್ತೆಂಟು ಬೋಲ್ಟು. ಮಧ್ಯಾಹ್ನ ಮೈಯೆಲ್ಲ ಬಲ ಹಾಕಿ ಬಿಗಿದವಳು ನಾನೇ, ಈಗ ಒಂದೊಂದೂ ನನ್ನ ಮೇಲೆ ಸೇಡು ತೀರಿಸಿಕೊಂಡಿತು. ಸಂಪು ಕೆಳಗಿಳಿದಾಗ ತಳದಲ್ಲಿ ಉಳಿದಿದ್ದ ಎಣ್ಣೆ ನನ್ನ ಕುತ್ತಿಗೆಯಿಂದ ಬೆನ್ನಿನವರೆಗೆ ಹರಿಯಿತು. ಗಾಡಿಯ ಕೆಳಗೆ ಮಲಗಿದರೆ ಮಂದಿಯ ಕಾಲು ಮಾತ್ರ ಕಾಣುತ್ತವೆ. ಯಾವ ಕಾಲೂ ಹೋಗಿರಲಿಲ್ಲ. ಮಿಸ್ತ್ರಿಯ ಕಂದು ಚಪ್ಪಲಿ ಎಲ್ಲಕ್ಕಿಂತ ಮುಂದೆ ಇತ್ತು.

ಅಪ್ಪ ಮನೆಯ ಕಡೆ ಕೂಗಿ ಜೋಳದ ಹಿಟ್ಟು ತರಿಸಿದ. ಅವ್ವ ಡಬ್ಬಿಯನ್ನೇ ಹೊತ್ತು ತಂದಳು, ಜೊತೆಗೆ ಕುದಿಯುವ ನೀರು. ಎಲ್ಲರ ಮುಂದೆ ಮುಚ್ಚಳ ತೆಗೆದು ಕೈ ಹಾಕಿದಳು. ಹಿಟ್ಟಿನೊಳಗಿನಿಂದ ಬೆಳ್ಳಗಿನ ಹಗ್ಗ ಬಂತು, ಬಂತು, ಬರುತ್ತಲೇ ಇತ್ತು.

"ಇದೇನಬೇ?" ಅಂದಳು ಅವ್ವ.

ನಾನು ಗಾಡಿಯ ಕೆಳಗೆ ಇನ್ನಷ್ಟು ಒಳಗೆ ಸರಿದೆ. ಮೇಲೆ ನಗು ಎದ್ದದ್ದು ಕೇಳಿಸಿತು. ಅಪ್ಪನ ಧ್ವನಿ ಮಾತ್ರ ಮೊದಲಿನ ಹಾಗೆಯೇ ಇತ್ತು. "ಹಿಟ್ಟ ನಾದು," ಅಂದ, ಅಷ್ಟೇ.

ಎಂಟು ಉಂಡೆ ಮೆತ್ತಿದೆ. ಜೋಳದ ಹಿಟ್ಟು ಬೆರಳಿಗೆ ಒರಟು, ಬಿಸಿ. ಅಪ್ಪ ರಾಡ್ ಎಳೆದ. ಕ್ರ್ಯಾಂಕು ತಿರುಗಿತು, ಒಂದೊಂದೇ ವೇಟು ನನ್ನ ಮೂಗಿನ ಮೇಲಿಂದ ಹಾದು ಹೋಯಿತು.

"ಒಂದು?"

"ನಾಣ್ಯಕಿಂತ ದಪ್ಪ."

"ಎರಡು?"

"ದಪ್ಪ."

ಮೂರು, ನಾಲ್ಕು, ಐದು, ಆರು, ಎಲ್ಲ ಸರಿ ಇದ್ದವು. ಸ್ವಲ್ಪ ಉಸಿರು ಬಂತು. ಸುಮ್ಮನೆ ಊರ ಮುಂದೆ ಮರ್ಯಾದೆ ಕಳೆದೆನಲ್ಲ ಅಂತ ಅನ್ನಿಸಿತೇ ಹೊರತು ಬೇರೆ ಏನೂ ಅನ್ನಿಸಲಿಲ್ಲ, ನಾಚಿಕೆಯಾಗುತ್ತದೆ ಬರೆಯಲು. ಏಳನೆಯದರ ಉಂಡೆಗೆ ಬೆರಳು ಹಾಕಿದೆ. ಉಂಡೆಯೇ ಇರಲಿಲ್ಲ. ಎರಡು ಬದಿ ಸರಿದು ಹೋಗಿತ್ತು. ನಡುವೆ ಉಳಿದದ್ದು ಉಳ್ಳಾಗಡ್ಡಿಯ ಸಿಪ್ಪೆಯಷ್ಟು. ಅದರ ಹಿಂದಿನ ಬ್ಲಾಕಿನ ಕಬ್ಬಿಣ ಬೆರಳಿಗೆ ತಾಗುತ್ತಿತ್ತು.

"ಏಳು?" ಅಂದ ಅಪ್ಪ. ಮತ್ತೆ, "ಏಳು ಹೇಳಬೇ."

ನಾನು ಆ ಸಿಪ್ಪೆಯನ್ನು ಬ್ಲೇಡಿನ ಮೇಲೆ ಹಾಗೆಯೇ ಎತ್ತಿ ಕೈ ಹೊರಗೆ ಚಾಚಿದೆ. ಕಂದು ಚಪ್ಪಲಿ ಹತ್ತಿರ ಬಂತು. ಅಪ್ಪನ ಮೊಣಕಾಲೂ ನೆಲಕ್ಕೆ ಬಂತು. ಬ್ಲೇಡು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು.

"ಗೋಡಿಗೆ ಅಲ್ಲೊಂದು ಎರಕದ ಗಂಟು ಐತಿ," ಅಂದ ಮಿಸ್ತ್ರಿ. ಧ್ವನಿಯಲ್ಲಿ ಹೂರಣದ ಚೇಷ್ಟೆ ಇರಲಿಲ್ಲ. "ಹತ್ತ ನಿಮಿಷ ಓಡಿದ್ರ ಸಾಕಿತ್ತು. ಕಾಯ್ದು ಹೊಡೀತಿತ್ತು."

"ಹೌದು," ಅಂದ ಅಪ್ಪ.

"ಏಳನೇದು ಬಿಚ್ಚಿ ಕೆತ್ತು. ಅದರ ಎದರಿಂದೂ ಅಷ್ಟ ಕೆತ್ತು, ಇಲ್ಲಂದ್ರ ಕುಣಿತೈತಿ."

"ಗೊತ್ತೈತಿ ನನಗ."

"ಗೊತ್ತಿರೂದೂ ಹೇಳಬೇಕಾಗತೈತಿ, ಜ್ವಾಳದ್ದ ಯಾಕಂತ ಹುಡುಗಿಗೆ ಹೇಳಿದ್ಯೇನು?"

ಅಪ್ಪ ಲೇಥಿನ ಕಡೆ ಹೋದ. ನಾನು ಕೆಳಗಿನಿಂದ ಎರಡು ವೇಟು ಬಿಚ್ಚಿ ಕೊಟ್ಟೆ. ಲೇಥ್ ತಿರುಗಿತು. ಕಿರಾಣಿಯವನ ತಕ್ಕಡಿ ಮತ್ತೆ ಬಂತು, ಅದರ ಹಿಂದೆ ಕಿರಾಣಿಯವನೂ ಬಂದ. ತೂಕ ನೋಡಿದವನು ಮಿಸ್ತ್ರಿ. ಯಾರೂ ಅವನನ್ನು ಕರೆದಿರಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಒಂದು ತಟ್ಟೆ ಕೂದಲಷ್ಟು ಕೆಳಗಿದ್ದರೂ ತುಟಿ ಚಾಚುತ್ತಿದ್ದ, ಅಪ್ಪ ಅರದಿಂದ ಮತ್ತೆ ಎರಡು ಸಲ ಉಜ್ಜುತ್ತಿದ್ದ.

ವೇಟು ಮತ್ತೆ ಕೂಡಿಸಿ, ಹೊಸ ಉಂಡೆ ಮೆತ್ತಿ ಅಳೆದೆ. ಏಳನೆಯದು ನಾಣ್ಯಕ್ಕಿಂತ ದಪ್ಪ ಬಂತು. ಅಪ್ಪ ಸಾಕು ಅಂದ. ನಾನು ಇನ್ನೊಂದು ಸಲ ತಿರುಗಿಸು ಅಂದೆ. ಎಂಟನ್ನೂ ಮತ್ತೆ ಅಳೆದೆ. ಪ್ರತಿ ಉಂಡೆಯನ್ನೂ ಕೊಯ್ದು ನಂಬರಿನ ಪ್ರಕಾರ ತಗಡಿನ ಮೇಲೆ ಸಾಲಾಗಿ ಇಟ್ಟು ಹೊರಗೆ ತಳ್ಳಿದೆ. ಅಜ್ಜ ನೆರಳಿನಿಂದ ಎದ್ದು ಬಂದು ತಾನೇ ನಾಣ್ಯ ಹಿಡಿದು ಒಂದೊಂದನ್ನೂ ನೋಡಿದ. ಒಂದು ಉಂಡೆಯನ್ನು ಒತ್ತಿ ಸಹ ನೋಡಿದ, ಮೇಲೆ ಬರುತ್ತದೋ ಅಂತ. ಬರಲಿಲ್ಲ.

ಒಳಗೆಲ್ಲ ಹಿಟ್ಟಿನ ಚೂರು ಉಳಿಯದಂತೆ ಸೀಮೆಎಣ್ಣೆಯಲ್ಲಿ ತೊಳೆದು, ಸಂಪು ಏರಿಸಿ, ಎಣ್ಣೆ ಸುರಿಯುವಷ್ಟರಲ್ಲಿ ಐದೂವರೆ. ಮಗ್ಗದವರು ಇನ್ನೂ ಮಗ್ಗ ಚಾಲೂ ಮಾಡಿರಲಿಲ್ಲ. ಹಸಿದ ಹೊಟ್ಟೆಗಳು ಗುರ್ ಅನ್ನುವುದು ಕೇಳಿಸುತ್ತಿತ್ತು ಅಂದರೆ ನಂಬಿ, ಇದನ್ನು ನಾನು ಎಳೆದು ಹೇಳುತ್ತಿಲ್ಲ.

ಅಪ್ಪ ಚಕ್ರಕ್ಕೆ ಚರ್ಮದ ಪಟ್ಟಿಯನ್ನೇ ಸುತ್ತಿದ. ಹಿಟ್ಟು ಹತ್ತಿದ ಹಗ್ಗ ಜಾರುತ್ತದೆ ಅಂದ, ನನ್ನ ಕಡೆ ನೋಡದೆ. ಅಜ್ಜ ಸೀಟಿನ ಮೇಲೆ ಹತ್ತಿ ಕೂತು ಲಿವರ್ ಹಿಡಿದ.

"ಏನವಾ," ಅಂದ, ಮೇಲಿನಿಂದ ನನ್ನನ್ನೇ ನೋಡುತ್ತ. "ಎಳೀಲೇನು ನಿಮ್ಮಪ್ಪ? ನೀ ಹೇಳು."

ಎಲ್ಲರೂ ಈ ಕಡೆ ತಿರುಗಿದರು. ನನ್ನ ಬಾಯಿಂದ ಏನಾದರೂ ಬರುತ್ತದೆ ಅಂತ ಕ್ಲಾಸಿನ ಇಬ್ಬರು ಹುಡುಗಿಯರು ಫೋನ್ ಎತ್ತಿ ಹಿಡಿದಿದ್ದರು. ಬ್ಲಾಕ್ ಒಡೆದರೆ ಇನ್ನು ಅಪ್ಪನ ಮಾತಿನ ಮೇಲಲ್ಲ, ನನ್ನ ಮಾತಿನ ಮೇಲೆ ಒಡೆಯುತ್ತದೆ.

"ಮೊದಲ ಕೈಯಿಂದ ಎರಡ ಸುತ್ತ ತಿರುವ್ರಿ," ಅಂದೆ.

ಅಪ್ಪ ಪಟ್ಟಿ ಬಿಟ್ಟು ರಾಡ್ ತೆಗೆದುಕೊಂಡ. ನಾನು ಬ್ಲಾಕಿಗೆ ಕಿವಿ ಹಚ್ಚಿದೆ. ಎರಡು ಸುತ್ತು. ಒಳಗೆ ಎಣ್ಣೆ ಜಾರುವ ಸಪ್ಪಳ ಬಿಟ್ಟು ಏನೂ ಇರಲಿಲ್ಲ.

"ಎಳೀರಿ."

ಸಣ್ಣ ಎಂಜಿನ್ ಮೂರನೇ ಎಳೆತಕ್ಕೆ ಎದ್ದಿತು, ಕೋಳಿಯ ಹಾಗೆ ಕಿರುಚಿತು. ಅಜ್ಜ ಲಿವರ್ ಒತ್ತಿದ. ದೊಡ್ಡದು ಒಂದು ಸಲ ಹೊರಳಿತು, ಇನ್ನೊಂದು ಸಲ. ಕರಿ ಹೊಗೆ ಬಂತು, ಆಮೇಲೆ ಬೂದಿ ಬಣ್ಣದ್ದು. ನೆಲ ನಡುಗತೊಡಗಿತು. ಮಂದಿ ಸಿಳ್ಳೆ ಹಾಕಿದರು. ಅಪ್ಪ ಸಿಳ್ಳೆ ಹಾಕಲಿಲ್ಲ, ಮಿಸ್ತ್ರಿಯೂ ಇಲ್ಲ. ಇಬ್ಬರೂ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು. ಹತ್ತು ನಿಮಿಷ ಅಂದದ್ದು ನೆನಪಿತ್ತು.

ಐದು ನಿಮಿಷಕ್ಕೆ ಬ್ಲಾಕ್ ಬೆಚ್ಚಗಾಯಿತು. ಎಂಟಕ್ಕೆ ಕೈ ಇಡಲು ಆಗದಷ್ಟು ಸುಡತೊಡಗಿತು. ಹತ್ತು ಆಯಿತು. ಹನ್ನೆರಡು ಆಯಿತು. ಅಪ್ಪ ಉದ್ದನೆಯ ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟ. ತುದಿಯನ್ನು ಬ್ಲಾಕಿಗೆ ಒತ್ತಿ ಹಿಡಿಕೆಯನ್ನು ಕಿವಿಗೆ ಹಚ್ಚಿದರೆ ಒಳಗಿನದೆಲ್ಲ ಕೇಳಿಸುತ್ತದೆ. ಏಳನೇ ವೇಟಿನ ಜಾಗಕ್ಕೆ ಒತ್ತಿ ಹಿಡಿದೆ. ಕಣ್ಣು ಮುಚ್ಚಿದೆ.

"ಏನ ಕೇಳಸತೈತಿ?" ಅಂದ ಅಪ್ಪ, ಕಿವಿಯ ಹತ್ತಿರ ಬಾಯಿ ತಂದು.

"ಏನೂ ಇಲ್ಲಪಾ."

ಅವನು ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿದ. ಆಮೇಲೆ ಸ್ಕ್ರೂಡ್ರೈವರ್ ನನ್ನ ಕೈಯಿಂದ ತೆಗೆದುಕೊಂಡು, ಅದೇ ಜಾಗಕ್ಕೆ ಒತ್ತಿ, ತಾನೂ ಕಿವಿ ಹಚ್ಚಿದ. ನನಗಿಂತ ಹೆಚ್ಚು ಹೊತ್ತು ಕೇಳಿದ. ಕಿವಿ ತೆಗೆದು, "ಹೋಳಿಗಿ ಬಡಸು," ಅಂತ ಮನೆಯ ಕಡೆ ಕೂಗಿದ.